ಎರಡೂ ಗಾಡಿಯಲ್ಲಿ ಜೋಳ

ಒಂಟಿ ಹಳಿಯ ಆ ನಿಲ್ದಾಣದಲ್ಲಿ ಪರಿಹಾರದ ಗಾಡಿ ಬೆಳಿಗ್ಗೆಯಿಂದ ಪಕ್ಕದ ಹಳಿಯಲ್ಲಿ ಬೆಪ್ಪಾಗಿ ನಿಂತಿತ್ತು. ಹೊರದೇಶದವರು ಕಳಿಸಿದ ಜೋಳ, ಬಂದರಿನಿಂದ ಹೊರಟು ಬರ ಬಿದ್ದ ಬೆಟ್ಟದೂರಿಗೆ ಹೋಗಬೇಕು. ಆದರೆ ಮೇಲಿನಿಂದ ಬಂದರಿಗೆ ಇಳಿಯುವ ಮೂರು ಸರಕುಗಾಡಿ ದಾಟುವವರೆಗೂ ಬಿಡಬೇಡಿ ಎಂದು ಕಂಟ್ರೋಲ್ ಆಫೀಸಿನಿಂದ ಅಪ್ಪಣೆಯಾಗಿತ್ತು. ಅಂದರೆ ನಾಳೆಯ ಮಾತು.

ಬೆಟ್ಟದೂರಿನ ಅಡುಗೆಕೇಂದ್ರ ನಡೆಸುತ್ತಿದ್ದವಳು ಈ ನಿಲ್ದಾಣದ ಸ್ಟೇಷನ್ ಮಾಸ್ತರಮ್ಮನ ಸ್ವಂತ ಅಕ್ಕ. ನಿನ್ನೆಯೇ ಒಲೆ ಆರಿತ್ತು. “ನಾನೂರು ಮಕ್ಕಳು ತಟ್ಟೆ ಹಿಡ್ಕೊಂಡು ಕೂತಿದಾವೆ ಕಣೇ. ನಾಳೆ ಅಂತ ನೀನೇ ಬಂದು ಹೇಳು!” ಎಂದು ಫೋನಿನಲ್ಲೇ ಗುಡುಗಿದ್ದಳು.

ಮೊದಲ ಸರಕುಗಾಡಿ ಇಳಿದು ಬಂದು ನಿಂತಿತು. ಅದರ ಡ್ರೈವರ್ ಬೋಳಣ್ಣ ಕೆಳಗಿಳಿದು, ಪರಿಹಾರದ ಗಾಡಿಯ ಡ್ರೈವರ್ ಲಂಬೂನ ಬಳಿ ಬಂದ.

“ಏನಯ್ಯಾ ಹೊತ್ಕೊಂಡು ಬಂದೆ?” ಎಂದ ಲಂಬು.

“ಜೋಳ. ನೀನು?”

“ಜೋಳ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರಮ್ಮನಿಗೆ ನಗು ಬರಲಿಲ್ಲ. ಎರಡೂ ಗಾಡಿಗಳ ಕೆಳಗೆ ಸೋರಿದ್ದ ಕಾಳು ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದಳು.

“ಮೇಲೆ ಬೆಳೆಯೇ ಇಲ್ಲ ಅಂದ್ರಲ್ಲ ಬೋಳಣ್ಣ?”

“ಅರ್ಧ ಬೆಳೆ ಬಂದಿದೆ ಅಮ್ಮಾ. ಇಟ್ಕೊಂಡಿದ್ರೆ ಹೇಗೋ ಆಗ್ತಿತ್ತು. ಗಣಿ ಮುಚ್ಚಿ ಕೂಲಿ ನಿಂತ್ಹೋಯ್ತು, ಕೊಳ್ಳೋರ ಕೈ ಖಾಲಿ. ಬಂದರಿನ ವ್ಯಾಪಾರಿಗಳು ಒಂದಕ್ಕೆರಡು ಕೊಟ್ಟು ಎತ್ಕೊಂಡ್ರು.”

“ಹಾಗಾದ್ರೆ ಹೊರದೇಶದವರು ಇದನ್ನೇ ಕೊಂಡು ಅಲ್ಲೇ ಹಂಚಬಹುದಿತ್ತಲ್ಲ?”

“ಅವರ ಕಣಜದ್ದು ಖರ್ಚಾಗ್ಬೇಡ್ವಾ?” ಎಂದ ಲಂಬು. “ಇದನ್ನ ತಂದ ಹಡಗು ಖಾಲಿ ಹೋಗ್ಬಾರ್ದು ಅಂತ ಇವನ ಜೋಳಕ್ಕೇ ಕಾಯ್ತಾ ಇದೆ.”

“ಇಬ್ರ ಎಂಜಿನ್ನೂ ಹಿಂದಕ್ಕೆ ಕಟ್ಬಿಡಿ,” ಬೋಳಣ್ಣ ಕಣ್ಣು ಮಿಟುಕಿಸಿದ. “ಬಂದ ದಾರೀಲೇ ವಾಪಸ್ ಹೋಗ್ತೀವಿ. ನನ್ನ ಜೋಳ ಬೆಟ್ಟಕ್ಕೆ, ಇವನದು ಹಡಗಿಗೆ.”

ಅವಳು ಕಂಟ್ರೋಲಿಗೆ ಫೋನ್ ಮಾಡಿ ಅದನ್ನೇ ಕೇಳಿದಳು.

“ನಿಮ್ಮ ಕೆಲಸ ಸಿಗ್ನಲ್ ನೋಡೋದು, ಸಂತೆ ವಿಚಾರ ಅಲ್ಲ. ಹಡಗು ಕಾಯಲ್ಲ ರೀ!”

“ಕಾಯ್ತಾ ಇದೆಯಂತಲ್ಲ ಸಾರ್?”

ಫೋನ್ ಕುಕ್ಕಿದ ಸದ್ದು.

ಮುಂದಿನ ನಿಲ್ದಾಣವಾದ ಬೆಟ್ಟದೂರಿನವರು ಹಳಿ ಖಾಲಿ ಇದೆ ಎನ್ನದೆ ಗಾಡಿ ಬಿಡುವಂತಿಲ್ಲ. ಅಲ್ಲಿನ ಸ್ಟೇಷನ್ ಮಾಸ್ತರರನ್ನು ಲೈನಿನವರೆಲ್ಲ ಮೀಸೆ ಮಾವ ಎಂದೇ ಕರೆಯುತ್ತಿದ್ದರು. ಅವಳು ಅವರನ್ನು ಫೋನಿನಲ್ಲಿ ಹಿಡಿದಳು.

“ಮಾವ, ಎರಡನೇ ಗಾಡಿ ಬಿಟ್ರಾ?”

“ಇನ್ನೈದು ನಿಮಿಷ. ಯಾಕವ್ವ?”

“ತಡೀರಿ. ನಂದನ್ನ ಮೊದಲು ತಗೊಳ್ಳಿ.”

“ಕಂಟ್ರೋಲ್ ಒಪ್ತಾ?”

“ಇಲ್ಲ. ತಡೆದವಳು ನಾನೇ ಅಂತ ಬರ್ಕೊಳ್ಳಿ.”

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. “ಹಳಿ ಖಾಲಿ ಇದೆ. ಕಳಿಸು. ನಿಮ್ಮಕ್ಕ ಆಗಲೇ ಎರಡು ಸಲ ಬಂದು ಹೋದ್ಳು, ನನ್ನ ಮೀಸೆಗೆ ಕೈ ಹಾಕೋದೊಂದು ಬಾಕಿ.”

ಸಿಗ್ನಲ್ಲಿನ ಕೈಮರ ಇಳಿಯಿತು. ಲಂಬು ಸೀಟಿ ಊದಿ ಗಾಡಿ ಎಳೆದ. ಕಂಟ್ರೋಲಿನ ಫೋನ್ ಬಡಿದುಕೊಳ್ಳತೊಡಗಿತು. ಕೊನೆಯ ಡಬ್ಬಿ ತಿರುವು ದಾಟುವವರೆಗೂ ಮಾಸ್ತರಮ್ಮ ಮುಟ್ಟಲಿಲ್ಲ. ಆಮೇಲೆ ಎತ್ತಿಕೊಂಡು, ಆ ಕಡೆಯವರು ಬಾಯಿ ತೆರೆಯುವ ಮೊದಲೇ ಕೇಳಿದಳು:

“ಸಾರ್, ಹೋದ ಬರಗಾಲದಲ್ಲೂ ಹೀಗೇ ಬೆಟ್ಟದಿಂದ ಬಂದರಿಗೆ ಇಳೀತಿತ್ತಾ, ಜೋಳ?”