ಚಿಕ್ಕ ಬಿ

ಫ್ಯಾನಿನ ನೆರಳು ಕಂಪ್ಯೂಟರಿನ ಪರದೆಯ ಮೇಲೆ ಹಾದು ಹಾದು ಹೋಗುತ್ತಿದೆ, ಅದರಡಿ ಇಂಗ್ಲಿಷಿನ ಚಿಕ್ಕ ಬಿ, ಕೋಲಿಗೊರಗಿ ಹೊಟ್ಟೆ ಮುಂದೆ ಮಾಡಿ ನಿಂತ ಹಾಗೆ, ಮತ್ತೆ ಎಣಿಸುತ್ತೇನೆ, ಬಾವಿ ಮಾಮ ಕಳಿಸಿದ ಹಾಳೆಯಲ್ಲಿ ಬಾವಿಗೊಂದರಂತೆ ಏಳು ಕಾಲಂ, ನನ್ನ ಒಟ್ಟು ಪಟ್ಟಿಯಲ್ಲಿ ಆರು, ಒಂದು ಎಲ್ಲಿ ಹೋಯಿತು — ಈಗಷ್ಟೇ ಫೋನಿನಲ್ಲಿ ಕೇಳಿದರಲ್ಲ, ಆ ಬಾವಿಗೆ ಹಸಿರು ಚೀಟಿ ಹಚ್ಚಿದ್ಯಾರು ಮಗಳೇ, ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಲವತ್ತು ಹಳ್ಳಿಯಿಂದ ನಲವತ್ತು ಥರದ ತಲೆಬರಹ ಬರುತ್ತಿದ್ದವು, ಒಬ್ಬರದು ಪೂರ್ತಿ ದೊಡ್ಡಕ್ಷರ, ಒಬ್ಬರದು ನಡುನಡುವೆ ಖಾಲಿ, ಇನ್ನೊಬ್ಬರು ಪ್ರತಿ ಹೆಸರಿನ ಕೊನೆಗೂ ಚುಕ್ಕಿ ಇಡುವವರು, ನಾನೇ ತಾನೆ ಪ್ರೋಗ್ರಾಂ ಬರೆದದ್ದು, ಎಲ್ಲ ಹೆಸರೂ ಚಿಕ್ಕಕ್ಷರಕ್ಕೆ ಇಳಿಯಲಿ, ಖಾಲಿ ಇದ್ದಲ್ಲಿ ಅಡಿಗೆರೆ ಬರಲಿ, ಸಾಹೇಬರು ಕನ್ನಡಕ ಏರಿಸಿ, ಈಗ ನೋಡಮ್ಮ, ಪಂಕ್ತೀಲಿ ಕೂತ ಮಕ್ಕಳ ಹಾಗಿದೆ ಅಂದಿದ್ದರು, ಆವತ್ತು ಎರಡು ತುತ್ತು ಹೆಚ್ಚೇ ಉಂಡಿದ್ದೆ.

ಇಪ್ಪತ್ತು ವರ್ಷ ಬಾವಿ ನೀರು ಪರೀಕ್ಷಿಸಿ ಆ ಹೆಸರೇ ಅಂಟಿಸಿಕೊಂಡ ಮನುಷ್ಯ, ಸೈಕಲ್ಲಿನ ಹಿಂದೆ ಸೀಸೆಗಳ ಪೆಟ್ಟಿಗೆ, ಮೊದಲ ದಿನವೇ ಹೇಳಿದ್ದರು, ದೊಡ್ಡ ಬಿ ಜನ ಕುಡಿಯೋ ಬಾವಿ, ಚಿಕ್ಕ ಬಿ ದನಕ್ಕೆ, ನೆನಪಿಟ್ಕೋ, ನಾನು, ದನ ಅಂದ್ರೆ ಅಷ್ಟು ಚಿಕ್ಕದಾ ಮಾಮ ಎಂದು ನಕ್ಕಿದ್ದೆ, ಅವರು ನಗಲಿಲ್ಲ — ನನ್ನ ಪ್ರೋಗ್ರಾಮಿನಲ್ಲಿ ಎರಡೂ ಚಿಕ್ಕದಾದರೆ ಒಂದೇ ಹೆಸರು, ಒಂದೇ ಹೆಸರಾದರೆ ಮೊದಲಿನದನ್ನು ಆಮೇಲಿನದು ನುಂಗುತ್ತದೆ, ಯಂತ್ರ ಒಂದು ಸಲ ಕೆಮ್ಮುವುದೂ ಇಲ್ಲ. ಮೂಲ ಹಾಳೆ ತೆರೆಯುತ್ತೇನೆ, ಚಿಕ್ಕ ಬಿ ಕೆಳಗೆ ನೈಟ್ರೇಟ್ ಹನ್ನೆರಡು, ದೊಡ್ಡ ಬಿ ಕೆಳಗೆ ನೂರಾ ಹತ್ತು, ನಲವತ್ತೈದು ದಾಟಿದರೆ ಕುಡಿಯಬಾರದು, ಕೂಸುಗಳಿಗೆ ವಿಷ, ಕುಡಿಯುವ ಬಾವಿಯ ಕಟ್ಟೆಗೆ ನಾವು ಅಂಟಿಸಿದ ಹಸಿರು ಚೀಟಿಯಲ್ಲಿ ಹನ್ನೆರಡು, ಕುಡಿಯಲು ಯೋಗ್ಯ, ಅದರಡಿ ನನ್ನ ಸಹಿ, ಅಂಟಿಸಿ ಮೂರು ವಾರ.

ಅದು ಅಕ್ಕನನ್ನು ಕೊಟ್ಟ ಊರು, ಅಕ್ಕನಿಗೆ ಈಗ ಏಳು ತಿಂಗಳು. ದೂರದಿಂದ ಹೊರೋದು ತಪ್ಪಿತು ಕಣೇ, ಈಗ ಎದುರಿನ ಬಾವೀದೇ ಕುಡಿಯೋದು, ನಿನ್ನ ಸಹಿ ನೋಡಿ ಅತ್ತೇನೂ ಒಪ್ಪಿದ್ರು — ಮೊನ್ನೆ ಫೋನಿನಲ್ಲಿ ಎಷ್ಟು ಹಗುರವಾಗಿದ್ದಳು, ಯಾಕೋ ನಿನ್ನೆಯಿಂದ ಕೂಸು ಒದೀತಾನೇ ಇಲ್ಲ, ಚಿಕ್ಕಮ್ಮನ ಹಾಗೇ ಸೋಮಾರಿ ಅಂದಳು, ನಾನೂ ನಕ್ಕೆನಲ್ಲ, ನಕ್ಕು ಮತ್ತೆ ತಲೆಬರಹ ತಿದ್ದಲು ಕೂತೆನಲ್ಲ, ರಿಂಗಾಗುತ್ತಿದೆ, ಎತ್ತು ಅಕ್ಕಾ, ನೀರು ತರಲು ಹೋಗಿರಬೇಕು, ಬೇಡ, ಹೋಗಿರುವುದು ಬೇಡ, ಮಲಗಿರಲಿ, ಮಲಗಿದ್ದರೆ ಯಾಕೆ ಮಲಗಿದ್ದಾಳೆ, ರಿಂಗು ನಿಂತಿತು, ಮತ್ತೆ ಒತ್ತುತ್ತೇನೆ, ಫ್ಯಾನಿನ ನೆರಳು ಬಂತು, ಹೋಯಿತು, ಬಂತು, ಕೋಲಿಗೊರಗಿ ಹೊಟ್ಟೆ ಮುಂದೆ ಮಾಡಿ ನಿಂತಿದೆ ಚಿಕ್ಕ ಬಿ, ಅಲುಗದೆ, ಚಿಕ್ಕ ಬಿ