ದೇವರಾಯ ಜಾಲರಿಯ ಚುಕ್ಕಿ

೧. ಎಲ್ಲಿಂದ ಶುರು ಮಾಡಲಿ? ಸ್ಫಟಿಕದಿಂದ ಅಂದರೆ ನೀವು ಪುಟ ತಿರುಗಿಸುತ್ತೀರಿ. ಸರಿ, ಫ್ಲೆಕ್ಸ್‌ನಿಂದ.

ದೇವರಾಯಸಮುದ್ರದ ಬಸ್‌ಸ್ಟಾಪಿನಲ್ಲಿ ಪ್ರೊಫೆಸರ್ ಅಮರನಾಥ್ ಆಳೆತ್ತರ ನಿಂತಿದ್ದಾರೆ: "ಹೊಸ ಸ್ಫಟಿಕ ಜಾಲರಿ ಕಂಡುಹಿಡಿದ ನಮ್ಮೂರ ಹೆಮ್ಮೆ." ಅದಕ್ಕೆ ಅವರಿಟ್ಟ ಹೆಸರು ದೇವರಾಯ ಜಾಲರಿ. ಊರಿನವರು ಶಾಲು ಹೊದಿಸಿ, ಪೇಟ ತೊಡಿಸಿ, ಟ್ರಾಕ್ಟರಿನಲ್ಲಿ ಮೆರವಣಿಗೆ ಮಾಡಿದರು. ಜಾಲರಿ ಎಂದರೆ ಏನೆಂದು ಯಾರೂ ಕೇಳಲಿಲ್ಲ. ಸನ್ಮಾನದಲ್ಲಿ ಹಾಗೆಲ್ಲ ಕೇಳಬಾರದು.

೨. (ಪಾಠ. ಆಕಳಿಸಬೇಡಿ, ಚಿಕ್ಕದು.) ಸ್ಫಟಿಕದೊಳಗೆ ಪರಮಾಣುಗಳು ಹಿಪ್ಪುನೇರಳೆ ಗಿಡಗಳಂತೆ ಸಾಲುಗಟ್ಟಿರುತ್ತವೆ, ಆ ಸಾಲುಗಳ ಚೌಕಟ್ಟೇ ಜಾಲರಿ. ಓರೆಯಾಗಿ ಅಳೆದರೆ ಹಳೆಯ ಜಾಲರಿಯೂ ಹೊಸದರಂತೆ ಕಾಣುತ್ತದೆ.

ಅಮರನಾಥರ ಶಿಷ್ಯೆ ಶ್ರೀವಾಣಿ, ಮುಳಬಾಗಿಲಿನವಳು, ಪಿಎಚ್‌ಡಿಗೆಂದು ಜಾಲರಿಗಳಿಗೆಲ್ಲ ಒಂದು ನಕ್ಷೆ ಮಾಡಿದಳು. ಹೇಗೇ ಅಳೆಯಿರಿ, ಒಂದು ಜಾಲರಿಗೆ ಒಂದೇ ಚುಕ್ಕಿ. ದೇವರಾಯ ಜಾಲರಿಯ ಚುಕ್ಕಿ, ಯಾರೋ ಎಂದೋ ದಾಖಲಿಸಿದ್ದ ಹಳೇ ಜಾಲರಿಯ ಚುಕ್ಕಿಯ ಮೇಲೇ ಹೋಗಿ ಕೂತಿತು. ಅಂದರೆ ಎರಡೂ ಒಂದೇ, ಹೊಸದೇನಿಲ್ಲ.

"ಕಂಪ್ಯೂಟರ್ ತಪ್ಪಿರ್ಬೇಕು. ಒಂಚೂರು ಪಕ್ಕಕ್ಕೆ ಅಡ್ಜಸ್ಟ್ ಮಾಡಮ್ಮ," ಎಂದರು ಅಮರನಾಥ್.

"ಬಸ್ ಸೀಟಾ ಸರ್?" ಎನ್ನಬೇಕೆನಿಸಿತು ಶ್ರೀವಾಣಿಗೆ. ಆದರೆ ಥೀಸಿಸ್‌ಗೆ ಅವರ ಸಹಿ ಬೇಕು; ಇಲ್ಲದಿದ್ದರೆ ಇಷ್ಟು ವರ್ಷದ ಕೆಲಸ ಮಣ್ಣುಪಾಲು.

೩. ಈ ಕಥೆಯ ಮೊದಲ ಡ್ರಾಫ್ಟು: ಶ್ರೀವಾಣಿ ಊರಿಗೆ ಹೋಗಿ ಹಿಪ್ಪುನೇರಳೆ ತೋಟದ ನಡುವೆ ನಿಲ್ಲುತ್ತಾಳೆ. ಜ್ಞಾನೋದಯವಾಗುತ್ತದೆ.

"ಅಲ್ಲಿ ಜ್ಞಾನೋದಯ ಬೇಡಣ್ಣ, ಸೊಪ್ಪು ಕುಯ್ಯೋದೇ ಬೇಕಾದಷ್ಟಿದೆ," ಎಂದು ಶ್ರೀವಾಣಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಆ ಡ್ರಾಫ್ಟು ಹೊಡೆದುಹಾಕಿದೆ.

೩ (ಮತ್ತೆ). ಚುಕ್ಕಿ ಸರಿಸುತ್ತಾಳೆ. ಡಾಕ್ಟರ್ ಶ್ರೀವಾಣಿ! ಮುಳಬಾಗಿಲಿನಲ್ಲೂ ಒಂದು ಫ್ಲೆಕ್ಸ್. ಹ್ಯಾಪಿ ಎಂಡಿಂಗ್.

"ಒಂದು ಸರಿಸಿದ್ರೆ ಮಿಕ್ಕಿದ್ದನ್ನ ಯಾರಣ್ಣ ನಂಬ್ತಾರೆ?"

"ಹಾಗಾದರೆ ಸಹಿ?"

"ಭಯ ಆಗ್ತಿದೆ," ಎಂದಳು. ಅಲ್ಲಿ ನನ್ನ ಕುಹಕಕ್ಕೆ ಕೆಲಸವಿರಲಿಲ್ಲ.

ಕೊನೆಗೆ ಚುಕ್ಕಿಯನ್ನು ಇದ್ದಲ್ಲೇ ಬಿಟ್ಟು, ಕೋಲಾರದ ಯೂನಿವರ್ಸಿಟಿಗೆ ಹೋಗಿ ಥೀಸಿಸ್ಸನ್ನು ಅಮರನಾಥರ ಮೇಜಿನ ಮೇಲಿಟ್ಟಳು. (ಇಲ್ಲಿ ಗುಡುಗುವ ಗೈಡಿಗೆ ಒಳ್ಳೊಳ್ಳೆ ಡೈಲಾಗ್ ಬರೆದಿಟ್ಟಿದ್ದೆ. ಮನುಷ್ಯ ಗುಡುಗಲಿಲ್ಲ.) ನಕ್ಷೆಯ ಪುಟ ತೆಗೆದು ಆ ಚುಕ್ಕಿಯ ಮೇಲೆ ಬೆರಳಿಟ್ಟರು.

"ಇದು ಹಳೇದೇ ಅಂತ ನನಗೂ ಗೊತ್ತಾಗಿತ್ತಮ್ಮ," ಎಂದರು. "ಅಷ್ಟೊತ್ತಿಗೆ ನಮ್ಮಮ್ಮ ಊರಿಗೆಲ್ಲ ಊಟ ಹಾಕ್ಸಿಬಿಟ್ಟಿದ್ರು. ಅವ್ರಿಗೆ ಹೇಗೆ ಹೇಳ್ಲಿ?"

ಜಗಳಕ್ಕೆಂದೇ ಬಂದಿದ್ದ ಶ್ರೀವಾಣಿಗೆ ಪಾಪ ಅನ್ನಿಸಿತು. ನನಗೂ.

ಸಹಿ ಹಾಕಿದರಾ ಎಂದು ಕೇಳಬೇಡಿ, ನಾನು ಬರೆಯುವುದಿಲ್ಲ. ಪೆನ್ನಿನ ಕ್ಯಾಪ್ ತೆಗೆದಿದ್ದಾರೆ. ಇನ್ನೊಂದು ಕೈಯಲ್ಲಿ ಫೋನ್ ಇದೆ. ಆ ಕಡೆ ಅವರಮ್ಮನಿಗೆ ರಿಂಗ್ ಆಗುತ್ತಿದೆ.