ಐದನೇ ಕಲಮು

ಕಿಟಕಿಯ ಸರಳಿಗೆ ಯಾರೋ ಕಟ್ಟಿಹೋದ ಕೆಂಪು ರಿಬ್ಬನ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಬಿಚ್ಚಿ ಬಿಸಾಡುವ ಎಂದರೆ ಗಂಟು ಬಿಗಿ, ಬಂಟ್ವಾಳ ಪೇಟೆ ದಾಟಿದರೂ ಕಂಡಕ್ಟರ್ ಸಿದ್ದಕಟ್ಟೆ ಸಿದ್ದಕಟ್ಟೆ ಮೂಡುಬಿದಿರೆ ಎಂದು ಕೂಗುತ್ತಲೇ ಇದ್ದಾನೆ, ಹತ್ತಿ ಕೂತವರಿಗೆ ಇನ್ನು ಯಾಕಪ್ಪಾ ಕೂಗುವುದು — ನವ್ಯಶ್ರೀ ಮಡಿಲಿನ ಚೀಲವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು, ಕಾಗದ ಇದೆ, ಎಲ್ಲಿಗೆ ಹೋಗುತ್ತದೆ, ಗಂಟೆ ನಾಲ್ಕು ಹತ್ತು, ಐದರೊಳಗೆ ಅದರ ಫೋಟೋ ತೆಗೆದು ಬೆಂಗಳೂರಿನ ಕಂಪೆನಿಗೆ ಕಳಿಸಬೇಕು, ಕಳಿಸಿದರೆ ಕೆಬಿ ಉಳಿಯುತ್ತದೆ, ಇಲ್ಲವಾದರೆ ಸೋಮವಾರ ಬಾಗಿಲು ಹಾಕಿದ ಹಾಗೆ. ಕೆಬಿ ಎಂದರೆ ತುಳುವಿನಲ್ಲಿ ಕಿವಿ, ತುಳುವಿನಲ್ಲಿ ಬಂದ ಮೆಸೇಜನ್ನು ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುವ ತಂತ್ರಾಂಶ, ಹೆಸರಿಟ್ಟವಳು ನರಿಕೊಂಬಿನ ಪೂವಮ್ಮ, ಓದುವ ಸ್ವರವೂ ಅವಳದೇ, ಬೀಡಿ ಕಟ್ಟುತ್ತಾ ಕಟ್ಟುತ್ತಾ ನಾಲ್ಕು ಸಾವಿರ ವಾಕ್ಯ ಹೇಳಿದಳು, ಎರಡು ಮಳೆಗಾಲ, ಮೈಕಿನ ಹಿಂದೆ ಕೋಳಿ ಕೂಗಿದ್ದಕ್ಕೆ ಎಷ್ಟು ಸಲ ಪುನಃ. ಆಗ ಇದನ್ನು ಬಳಸುತ್ತಿದ್ದವರು ಹನ್ನೆರಡು ಜನ, ಹನ್ನೆರಡೂ ಮಂದಿಯ ಹೆಸರು ಬಾಯಿಪಾಠ, ಈಗ ಅರವತ್ತು ಸಾವಿರ ಫೋನು, ಮುಂಬೈ, ದುಬೈ, ಎಲ್ಲೆಲ್ಲೋ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಎಲ್ಲರದ್ದೂ ಎಂದು ತಾನೇ ವೇದಿಕೆ ಹತ್ತಿ ಹತ್ತಿ ಹೇಳಿದ್ದಲ್ಲವೇ, ಹೇಳುವಾಗ ಎಷ್ಟು ಚಂದ ಇತ್ತು. ಪೂವಮ್ಮ ಒಂದೇ ಮಾತು ಕೇಳಿದ್ದಳು ಆವತ್ತು, ಊರಿನ ಬಾವಿ ಅಲ್ವಾ ಮಗಾ ಇದು, ನೀರು ಸೇದಲಿಕ್ಕೆ ಎಲ್ಲ ಬರ್ತಾರೆ, ಕೆಸರು ತೆಗೀಲಿಕ್ಕೆ ಯಾರು ಇಳಿಯುವುದು.

ಇಳಿದವನು ಶಿವಕೃಷ್ಣ, ಬೆಳ್ತಂಗಡಿಯಲ್ಲಿ ಸೊಸೈಟಿಯ ಗುಮಾಸ್ತ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಏಳರ ತನಕ ಕೆಬಿಯ ದೂರು ಸರಿಮಾಡಿ ಮತ್ತೆ ಕೆಲಸಕ್ಕೆ ಹೋಗುವವನು, ಐದು ವರ್ಷ, ಒಂದು ಕಾಸಿಲ್ಲ — ಇಲ್ಲ, ಶಾಲು ಇತ್ತು, ಶಾಲಿಗೆ ಬರಗಾಲವೇ ಇರಲಿಲ್ಲ, ಕರೆದಲ್ಲೆಲ್ಲ ಸನ್ಮಾನ, ಶಾಲು, ಹಾರ, ಒಂದು ಬುಟ್ಟಿ ಹಣ್ಣು, ಮರದ ಸ್ಮರಣಿಕೆ, ತಾಯ್ನುಡಿಯ ಸೇವೆ ಎಂದು ಭಾಷಣ, ಕಪಾಟಿನಲ್ಲಿ ಅವಳದೇ ಒಂಬತ್ತು ಶಾಲು ಮಡಚಿಟ್ಟಿದೆ, ಶಾಲು ಹೊದೆಸಿದರೆ ಸರ್ವರ್ ನಡೆಯುತ್ತದಾ, ಈ ಪ್ರಶ್ನೆಯನ್ನು ಒಮ್ಮೆಯಾದರೂ ಮೈಕಿನಲ್ಲಿ ಕೇಳಬೇಕಿತ್ತು, ಕೇಳಲಿಲ್ಲ, ಕೈಮುಗಿದು ನಕ್ಕಳು. ದೇಣಿಗೆಗೆ ಒಂದು ಬಟನ್ ಇಟ್ಟರೆ ಒತ್ತಿದವರಿಗಿಂತ ಇದು ಯಾಕೆ ಎಂದು ಬೈದವರು ಹೆಚ್ಚು, ಸೇವೆ ಅಂದಿರಿ ಈಗ ಕೈ ಚಾಚ್ತೀರಿ, ರೇಟಿಂಗು ಎರಡೇ ನಕ್ಷತ್ರ. ನವ್ಯಶ್ರೀ ಕಾಲೇಜಿನಲ್ಲಿ ಗಣಿತ ಪಾಠ ಮಾಡುವಾಗಲೂ ದೂರು ಬಂದು ಫೋನು ನಡುಗುತ್ತದೆ, ಕಣ್ಣು ಕಾಣದ ವಾಮದಪದವಿನ ಧರ್ಣಪ್ಪಣ್ಣನ ಸಿಟ್ಟು ನೆನಪಾಗಿ ಈಗಲೂ ನಗು, ತೆಂಗಿನಕಾಯಿ ಕೀಳುವವನು ಎಲ್ಲೆ ಬರ್ಪೆ ಎಂದು ಬರೆದಿದ್ದ, ನಾಳೆ ಬರುತ್ತೇನೆ ಎಂದು, ಕೆಬಿ ಅದನ್ನು ನಾಳೆ ಬರುತ್ತಾನೆ ಎಂದು ಓದಿತು, ಅವನು ಬರುತ್ತಾನಂತೆ, ಯಾರವನು, ಗುರುತಿಲ್ಲದವರನ್ನು ಮರ ಹತ್ತಿಸುವುದಿಲ್ಲ ಮಾರಾಯ್ತಿ ಎಂದು ಧರ್ಣಪ್ಪಣ್ಣ ಬಂದವನನ್ನು ಗೇಟಿನಲ್ಲೇ ಓಡಿಸಿದ. ತಪ್ಪು ಯಾರದ್ದು, ಬರೆಯುವಾಗ ಎರಡೂ ಒಂದೇ, ಬರ್ಪೆ, ಹೇಳುವಾಗ ಮಾತ್ರ ಬೇರೆ, ಭಾಷಾತಜ್ಞರು ಇಂಗ್ಲಿಷಿನಲ್ಲಿ ಹತ್ತು ಪುಟ ಕಳಿಸಿದರು, ಪೂವಮ್ಮ ಬೀಡಿಗೆ ನೂಲು ಸುತ್ತುತ್ತಾ ಒಂದೇ ಸಾಲಿನಲ್ಲಿ ಮುಗಿಸಿದಳು, ಅವ ಬರುವುದಾದರೆ ಬಾಯಿ ಸಣ್ಣ ಮಗಾ, ನಾನೇ ಬರುವುದಾದರೆ ಬಾಯಿ ಅಗಲ. ಅದರ ಮೇಲೆ ಶಿವಕೃಷ್ಣ ಆರು ತಿಂಗಳು ಕೂತು ಸರಿಮಾಡಿದ. ಅವನೇ ಕಳೆದ ವಾರ ಫೋನು ಮಾಡಿ, ಸ್ವರ ಏರಿಸದೆ, ಮೇಡಂ ನನಗೆ ಸಾಕಾಯ್ತು, ಮಗಳು ನನ್ನನ್ನು ಕಂಪ್ಯೂಟರ್ ಮಾಮ ಅಂತ ಕರೀತಾಳೆ, ಸೋಮವಾರದಿಂದ ನಾನಿಲ್ಲ, ಸಂಬಳ ಕೊಡುವವರು ಯಾರಾದರೂ ಇದ್ರೆ ಇದನ್ನೇ ಮಾಡ್ತೇನೆ, ಇಲ್ಲದಿದ್ರೆ ಕ್ಷಮಿಸಿ. ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

ಸಂಬಳ ಕೊಡುವವರು ಬಂದರು, ಎಷ್ಟು ಬೇಗ ಬಂದರು, ಬೆಂಗಳೂರಿನ ಕಂಪೆನಿಯಿಂದ ತೃಷಾ ಎಂಬ ಮೆಲುದನಿಯ ಹುಡುಗಿ, ಮೂರು ವರ್ಷ, ಇಬ್ಬರಿಗೆ ಸಂಬಳ, ಸರ್ವರ್ ಕಂಪೆನಿಯದ್ದು, ಕೋಡ್ ಮುಕ್ತವಾಗಿಯೇ ಇರಲಿ ಮೇಡಂ ನಮಗೇನೂ ತೊಂದರೆಯಿಲ್ಲ, ಸ್ವರ ಒಂದು ನಮಗೆ ಬರಲಿ. ಒಪ್ಪಂದದ ಐದನೇ ಕಲಮು. ಸ್ವರ ಪೂರ್ತಿಯಾಗಿ ಕಂಪೆನಿಯ ಸ್ವತ್ತು, ಯಾವ ಜಾಹೀರಾತಿಗೂ, ಯಾವ ಕರೆಗೂ ಬಳಸಬಹುದು, ಕೊಟ್ಟವರಿಗೆ ಮುಂದೆ ಯಾವ ಹಕ್ಕೂ ಇಲ್ಲ, ಹಿಂದಕ್ಕೆ ಕೇಳುವಂತಿಲ್ಲ. ಬೇರೆಯವರಿಗೆ ಫೋನಿನಲ್ಲಿ ಓದಿ ಹೇಳುವ ಪೂವಮ್ಮನಿಗೇ ಈಗ ಕಣ್ಣಿನಲ್ಲಿ ಬರೀ ಮಬ್ಬು, ಹಾಗಾಗಿ ನವ್ಯಶ್ರೀ ನಿನ್ನೆ ಸಂಜೆ ಕೂತು ಎಲ್ಲ ಕಲಮನ್ನೂ ತುಳುವಿಗೆ ಮಾಡಿಕೊಂಡಿದ್ದಳು, ಪ್ರಾಮಾಣಿಕವಾಗಿ, ಒಂದಕ್ಷರ ಬಿಡದೆ, ಓದಿಯೇ ಹೇಳುತ್ತೇನೆ ಎಂದು. ಈಗ ಒಂದು ಗಂಟೆ ಹಿಂದೆ ಪೂವಮ್ಮನ ಜಗಲಿಯಲ್ಲಿ ಒಂದು ಓದಿದಳು, ಎರಡು ಓದಿದಳು, ಮೂರು, ನಾಲ್ಕು, ಒಳಗೆ ಚಾ ಕುದಿದು ಉಕ್ಕಿದ ವಾಸನೆ, ಕೆಮ್ಮಿದಳು, ಆರಕ್ಕೆ ಹೋದಳು. ಅಷ್ಟೇ. ಒಂದು ಕೆಮ್ಮು. ಪೂವಮ್ಮ ಕೇಳಿದ್ದೂ ಒಂದೇ, ಶಿವಕೃಷ್ಣ ಇನ್ನು ಬಿಟ್ಟು ಹೋಗುದಿಲ್ಲ ಅಲ್ವಾ? ಇಲ್ಲ ಪೂವಮ್ಮಕ್ಕ. ಹಾಗಾದ್ರೆ ಆಯ್ತು, ಎಲ್ಲಿ ಹಾಕ್ಬೇಕು. ಸಾಕ್ಷರತೆಯ ಕಾಲದಲ್ಲಿ ಕಲಿತ ಸಹಿ, ಪ ಅಕ್ಷರದ ಕೊಂಬು ಅಷ್ಟುದ್ದ ಎಳೆದು ಬ್ಯಾಂಕಿನವರಿಗೆ ತೋರಿಸುತ್ತಿದ್ದವಳು, ಈಗ ಗೆರೆ ಕಾಣುವುದಿಲ್ಲ, ನಾಚಿಕೆಯಿಂದ ಹೆಬ್ಬೆರಳು ಚಾಚಿದಳು. ನವ್ಯಶ್ರೀಯೇ ಆ ಬೆರಳನ್ನು ಶಾಯಿಗೆ ಒತ್ತಿದಳು, ಕಾಗದದ ಮೇಲೆ ತಂದಿಟ್ಟಳು, ತಂಬಾಕಿನ ಹುಡಿ ಕೂತು ಕಪ್ಪಾದ ಉಗುರು, ಬೀಡಿ ಸುತ್ತಿ ಸುತ್ತಿ ಗೆರೆಯೆಲ್ಲ ಸವೆದ ಬೆರಳು, ಒತ್ತಿದಳು, ಬಿಟ್ಟಳು. ಆದರೆ ಬೆರಳು ಅಲ್ಲೇ ಇತ್ತು. ತೆಗೀಬಹುದಾ ಮಗಾ. ಎತ್ತಲು ಹೇಳುವ ತನಕ ಇಟ್ಟುಕೊಂಡೇ ಕೂತಿದ್ದಳು, ಮುಖ ಸ್ವಲ್ಪ ಓರೆ ಮಾಡಿ, ಕೇಳಿಸಿಕೊಳ್ಳುವವರು ಮಾಡುವ ಹಾಗೆ.

ನಾಲ್ಕು ಮೂವತ್ತೈದು, ಶಿವಕೃಷ್ಣನ ಮೆಸೇಜು, ಆಯ್ತಾ ಮೇಡಂ. ಆಯ್ತು ಎಂದೇ ಹೇಳಬೇಕು, ಅರವತ್ತು ಸಾವಿರ ಜನರ ಕಿವಿ ಒಂದು ಕೆಮ್ಮಿಗಿಂತ ದೊಡ್ಡದಲ್ಲವೇ, ಓದಿ ಹೇಳಿದ್ದರೂ ಪೂವಮ್ಮ ಹೂಂ ಎನ್ನುತ್ತಿದ್ದಳು, ಖಂಡಿತ ಎನ್ನುತ್ತಿದ್ದಳು, ಹಾಗಾದರೆ ಓದಲಿಲ್ಲ ಯಾಕೆ ನವ್ಯಶ್ರೀ, ಎನ್ನುತ್ತಿದ್ದಳು ಎಂದಾದರೆ ಓದಬಹುದಿತ್ತಲ್ಲ. ಕಾಗದ ಮಡಿಲಿನಲ್ಲಿ ಬಿಡಿಸಿದಳು, ಕ್ಯಾಮೆರಾ ತೆರೆದಳು, ಬಸ್ಸು ಹೊಂಡಕ್ಕೆ ಇಳಿದು ಚಿತ್ರ ಅಲುಗಿತು, ಇನ್ನೊಮ್ಮೆ, ಮತ್ತೂ ಅಲುಗಿತು, ಬಿಟ್ಟಳು. ಕಿವಿಗೆ ತಂತಿ ಸಿಕ್ಕಿಸಿ, ಯಾಕೆ ಎಂದು ತನಗೇ ಗೊತ್ತಿಲ್ಲದೆ, ತಾನು ತುಳುವಿಗೆ ಮಾಡಿದ ಆ ಐದನೇ ಕಲಮನ್ನು ಕೆಬಿಗೆ ಕೊಟ್ಟಳು, ಓದು. ಪೂವಮ್ಮ ಓದಿದಳು. ನಿಧಾನ, ಅದೇ ಸಣ್ಣ ಎಳೆತ, ಎಲ್ಲೋ ಹಿಂದೆ ಅಳಿಸಲಾಗದೆ ಉಳಿದ ಕೋಳಿ, ನನ್ನ ಸ್ವರವನ್ನು ಪೂರ್ತಿಯಾಗಿ, ಹಿಂದಕ್ಕೆ ಕೇಳದೆ, ಕೊರ್ಪೆ — ಕೊಡುತ್ತೇನೆ, ಬಾಯಿ ಅಗಲ, ಎಷ್ಟು ಅಗಲ, ಶಿವಕೃಷ್ಣನ ಆರು ತಿಂಗಳ ಕೆಲಸ ಸುಳ್ಳಾಗಲಿಲ್ಲ, ಒಂದಿಷ್ಟೂ ತಪ್ಪಲಿಲ್ಲ ಯಂತ್ರ, ಕೊಡುತ್ತೇನೆ ಎಂದು ಪೂವಮ್ಮನೇ ಹೇಳುತ್ತಿದ್ದಾಳೆ, ಪೂವಮ್ಮನಿಗೆ ಮಾತ್ರ ಗೊತ್ತಿಲ್ಲ. ಇದು ಕಳ್ಳತನ. ಬೇರೆ ಹೆಸರಿಲ್ಲ ಇದಕ್ಕೆ. ಸಿದ್ದಕಟ್ಟೆ ಇಳಿಯುವವರು ಬನ್ನಿ ಬನ್ನಿ ಎಂದ ಕಂಡಕ್ಟರ್, ಟಿಕೇಟು ಮೂಡುಬಿದಿರೆಗಲ್ವಾ ಅಕ್ಕ ಎಂದೂ ಕೇಳಿದ, ಅವಳಾಗಲೇ ಮೆಟ್ಟಿಲಿನಲ್ಲಿ, ರಸ್ತೆ ದಾಟಿ ಈಚೆ ಬಂದಾಗಿದೆ, ವಾಪಸು ಹೋಗುವ ಬಂಟ್ವಾಳದ ಬಸ್ಸು ಎಷ್ಟು ಹೊತ್ತಿಗೋ, ಐದಾಗುತ್ತದೆ, ಆಗಲಿ, ಶಿವಕೃಷ್ಣನಿಗೆ ಏನು ಹೇಳುವುದು, ಅವನಿಗೆ ಕೊಡಲು ತನ್ನ ಹತ್ತಿರ ಏನುಂಟು, ಏನೂ ಇಲ್ಲ, ಸೋಮವಾರ ಅವನು ಇರುವುದಿಲ್ಲ, ಐದನೆಯದನ್ನೂ ಓದಿ ಹೇಳಿದ ಮೇಲೆ ಪೂವಮ್ಮ ಕೊಡುತ್ತೇನೆ ಎಂದರೆ ಕೊಡಲಿ, ಇಲ್ಲ ಎಂದರೆ ಕೆಬಿ ಹೋಗಲಿ, ಕೇಳಿ ಹೇಳಲಿ, ಬಸ್ಸು ಬರಲಿ, ಯಾಕೆ ಬರುವುದಿಲ್ಲ ಈ ಬಸ್ಸು, ನರಿಕೊಂಬಿನ ಆ ಜಗಲಿಯಲ್ಲಿ ಇನ್ನೂ ಕೂತಿದ್ದಾಳೆ, ಮುಖ ಓರೆ ಮಾಡಿ, ನೀಲಿ ಹೆಬ್ಬೆರಳು ಕಾಗದಕ್ಕೆ ಒತ್ತಿಕೊಂಡು, ತೆಗೀಬಹುದಾ ಮಗಾ, ತೆಗೀಬಹುದಾ